ಯೆರೆಮೀಯ 29:11 ಕಳಿಸುವ ಮುಂಚೆ

ಎಲ್ಲರಿಗೂ ವಂದನೆಗಳು. ಈ ವಾರ ಗುಂಪಿನಲ್ಲಿ ಸತ್ಯವೇದದ ಯೆರೆಮೀಯ 29:11 ನಾಲ್ಕೈದು ಸಲ ಬಂದಿದೆ. ನಿಮ್ಮ ವಿಷಯದಲ್ಲಿ ನನಗಿರುವುದು ಅಹಿತದ ಯೋಚನೆಗಳಲ್ಲ, ಹಿತದ ಯೋಚನೆಗಳೇ, ನಿಮಗೆ ಒಳ್ಳೆಯ ಭವಿಷ್ಯವೂ ನಿರೀಕ್ಷೆಯೂ ಇರಲಿ ಎಂದು ದೇವರು ಹೇಳುವ ವಚನ ಅದು. ಪರೀಕ್ಷೆ, ಕೆಲಸ, ಮದುವೆ, ಎಲ್ಲಕ್ಕೂ ಅದೇ ವಚನ. ನನಗೂ ತುಂಬಾ ಪ್ರಿಯವಾದ ಮಾತು. ಆದರೆ ಅದು ಪ್ರವಾದಿ ಯೆರೆಮೀಯನು ಬರೆದ ಒಂದು ಕಾಗದದ ನಡುವಿನ ಸಾಲು, ಅಲ್ವಾ?

ಕ್ರಿ.ಪೂ. 597ರಲ್ಲಿ ಬಾಬೆಲಿನ (ಬ್ಯಾಬಿಲೋನಿನ) ಅರಸ ನೆಬೂಕದ್ನೆಚ್ಚರನು ಯೆರೂಸಲೇಮಿನ ಜನರನ್ನು ಅಲ್ಲಿಗೆ ಸೆರೆ ಒಯ್ದನು. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಹನನ್ಯ ಎಂಬ ಪ್ರವಾದಿ ಹೇಳಿದನು. ಕೇಳಲು ಹಿತವಾಗಿತ್ತು. ಆದರೆ ಸುಳ್ಳು. ಯೆರೆಮೀಯನು ಸೆರೆಯವರಿಗೆ ಬರೆದದ್ದು 70 ವರ್ಷ ಎಂದು. ಅಂದರೆ ಆ ಕಾಗದ ಓದಿಸಿಕೊಂಡ ದೊಡ್ಡವರಲ್ಲಿ ಜಾಸ್ತಿ ಜನ ಊರಿಗೆ ಮರಳುವುದೇ ಇಲ್ಲ. ಹಾಗಂತ ದೇವರು ಅವರನ್ನು ದಾರಿ ತೋರಿಸದೆ ಬಿಡಲಿಲ್ಲ. ಅದೇ ಕಾಗದದಲ್ಲಿ ಆತನು ಹೇಳಿದ್ದು ಇದು: ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ. ನಿಮ್ಮನ್ನು ಸೆರೆಯಿಟ್ಟ ಆ ಊರಿಗಾಗಿಯೇ ಪ್ರಾರ್ಥಿಸಿ! ಈ ಮಾತು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಮುಂದೆ, ಬಾಬೆಲಿಗೆ ಸೆರೆ ಹೋಗಿದ್ದ ದಾನಿಯೇಲನು ಇದೇ 70 ವರ್ಷದ ಮಾತನ್ನು ಓದಿದನು. ಸುಮ್ನೆ ಲೆಕ್ಕ ಹಾಕುತ್ತಾ ಕೂರಲಿಲ್ಲ. ಉಪವಾಸವಿದ್ದು, ತನ್ನ ಜನರ ಪಾಪವನ್ನು ಒಪ್ಪಿಕೊಂಡು ಪ್ರಾರ್ಥಿಸಿದನು. ಇದು ದಾನಿಯೇಲ 9ರಲ್ಲಿದೆ.

ಭಾನುವಾರ ಆರಾಧನೆ ಮುಗಿದ ಮೇಲೆ ಯೆರೆಮೀಯ 28, 29 ಎರಡೂ ಅಧ್ಯಾಯ ಒಟ್ಟಿಗೆ ಓದೋಣ. ದಯವಿಟ್ಟು ಸತ್ಯವೇದ ತನ್ನಿ. ಕಾಯಿಲೆಯಲ್ಲಿ ಇರುವವರಿಗೆ ಈ ವಚನ ಕಳಿಸುವವರು ಜೊತೆಗೆ ಒಂದು ಫೋನ್ ಕೂಡ ಮಾಡಿ.