ಪಿನಾಕಿನಿ ಹೋದ ದಾರಿಯಲ್ಲಿ ಹೋಗು

ಅಮರಾಪುರ,
ಕಾರ್ತಿಕ ಮಾಸ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಈ ಸಲ ಶೇಂಗಾ ಪರವಾಗಿಲ್ಲ, ಕಾಯಿ ಗಟ್ಟಿಯಾಗಿ ಬಂದಿದೆ. ಅಂಗಳದಲ್ಲಿ ಒಣಗಲು ಹರವಿ, ಪಕ್ಕದಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ಆಫೀಸಿನ ಗಡಿಬಿಡಿಯಲ್ಲಿ ಹೂಂ ಹೂಂ ಅಂತೀಯ, ಮರೆತೂ ಬಿಡ್ತೀಯ. ಕಾಗದವಾದರೆ ಚೀಲದಲ್ಲಿ ಇಟ್ಟುಕೊಂಡು ಹೋಗಬಹುದು.

ನೀನು ಕಳಿಸಿದ ಪ್ರವಾಸದ ಪಟ್ಟಿಯನ್ನು ಮೂರು ಸಲ ಓದಿದೆ. ಏಳು ದಿನಕ್ಕೆ ಹದಿನಾರು ಊರು. ಹಂಪಿ ಇದೆ, ಶ್ರೀಶೈಲ ಇದೆ, ತಿರುಪತಿ ಇದೆ, ಗಂಡಿಕೋಟ, ಬೇಲಂ ಗುಹೆ, ಅಹೋಬಲ, ಯಾಗಂಟಿ ಎಲ್ಲವೂ ಇವೆ. ಹಳೆಯ ರಾಜಧಾನಿಯೂ ಬೇಕು, ಎದೆ ಝಲ್ಲೆನಿಸುವ ಬೆಟ್ಟ ಕಣಿವೆಯೂ ಬೇಕು ಎಂದು ಬರೆದಿದ್ದೀಯ. ಆ ಆಸೆ ಸರಿಯಾದದ್ದೇ. ಪಟ್ಟಿ ಮಾತ್ರ ಸರಿಯಿಲ್ಲ ಮಗಳೇ. ಅರ್ಧಕ್ಕಿಂತ ಹೆಚ್ಚು ಹೊಡೆದುಹಾಕು. ಹಂಪಿಗೆ ಬೇರೆಯದೇ ಒಂದು ವಾರ ಇಡು, ತಿರುಪತಿಗೆ ಅಪ್ಪ ಅಮ್ಮನ ಜೊತೆ ಹೋಗು. ಈ ಏಳು ದಿನ ಒಂದು ನದಿಯ ಹಿಂದೆ ಹೋಗು, ಅಷ್ಟೇ ಸಾಕು.

ಯಾವ ನದಿ ಅಂತೀಯಾ? ನಮ್ಮದೇ ಉತ್ತರ ಪಿನಾಕಿನಿ. ನೀವು ಭಾನುವಾರ ಬೆಳಿಗ್ಗೆ ಮಂಜು ನೋಡಲು ಓಡುವ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಗೌರಿಬಿದನೂರು ದಾಟಿ, ಹಿಂದೂಪುರದ ಹತ್ತಿರ ಆಂಧ್ರಕ್ಕೆ ಬರುತ್ತದೆ. ಪರಿಗಿ ಬಳಿ ನಮ್ಮ ತುಮಕೂರು ಕಡೆಯ ಜಯಮಂಗಲಿ ಬಂದು ಸೇರುತ್ತದೆ. ಅಲ್ಲಿ ನಿಂತು ನೋಡಿದರೆ ನಿನಗೆ ನದಿ ಕಾಣುವುದೇ ಇಲ್ಲ. ಬರೀ ಮರಳು, ಜಾಲಿ, ಮೇಯುವ ಕುರಿ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬೀಳುವ ಸೀಮೆ ಇದು, ನದಿ ಹರಿಯುವುದೇ ಅಪರೂಪ. ಇದೇ ಬಡಕಲು ಪಿನಾಕಿನಿ ಮುಂದೆ ಹೋಗಿ ಗಂಡಿಕೋಟದಲ್ಲಿ ಸುಮಾರು 300 ಅಡಿ ಆಳಕ್ಕೆ ಬಂಡೆಯನ್ನು ಸೀಳಿದೆ. ಮೊದಲು ಈ ಮರಳನ್ನು ನೋಡಿ ಹೋದರೆ ಮಾತ್ರ ಆ ಸೀಳು ಏನೆಂದು ಅರ್ಥವಾಗುತ್ತದೆ. ನೇರ ಗಂಡಿಕೋಟಕ್ಕೆ ಕಾರು ಓಡಿಸಿದರೆ ಅದೊಂದು ಫೋಟೋ ಆಗುತ್ತದೆ.

ಇದನ್ನು ನಾನು ತಪ್ಪು ಮಾಡಿ ಕಲಿತೆ. ನಾನು ಏಳನೇ ತರಗತಿಗೆ ಪಾಠ ಮಾಡುತ್ತಿದ್ದಾಗ ಮೂವತ್ತೆರಡು ಮಕ್ಕಳನ್ನು ಬಾಡಿಗೆ ಗಾಡಿಯಲ್ಲಿ ಕರೆದುಕೊಂಡು ಹೋಗಿದ್ದೆ. ಎರಡು ದಿನಕ್ಕೆ ಎಂಟು ಜಾಗ. ಗಂಡಿಕೋಟ ಮುಟ್ಟಿದಾಗ ಮಾರ್ಚ್ ತಿಂಗಳ ನಡುಮಧ್ಯಾಹ್ನ, ತಂದ ನೀರು ಮುಗಿದಿತ್ತು. ಒಂದು ಹುಡುಗಿ ಮಸೀದಿಯ ಕಟ್ಟೆಯ ಮೇಲೆ ಕಣ್ಣು ಕತ್ತಲೆ ಬಂದು ಕುಸಿದಳು. ಆಡು ಮೇಯಿಸುತ್ತಿದ್ದ ಒಬ್ಬ ಮುದುಕಿ ಓಡಿಬಂದು, ತನ್ನ ಊಟಕ್ಕೆ ತಂದಿದ್ದ ಮಜ್ಜಿಗೆಯನ್ನು ಆ ಮಗುವಿಗೆ ಕುಡಿಸಿ, ತಲೆಗೆ ಒದ್ದೆ ಸೆರಗು ಸುತ್ತಿದಳು. ಮಗು ಎದ್ದು ಕೂತಿತು. ಊರಿಗೆ ಬಂದ ಮೇಲೆ ಪ್ರವಾಸದ ಬಗ್ಗೆ ಪ್ರಬಂಧ ಬರೆಸಿದೆ. ಮೂವತ್ತೆರಡರಲ್ಲಿ ಒಂದು ಪ್ರಬಂಧದಲ್ಲೂ ನದಿಯ ಹೆಸರು ಇರಲಿಲ್ಲ. ನಾನೇ ಹೇಳಿರಲಿಲ್ಲವಲ್ಲ, ಅವರು ಎಲ್ಲಿಂದ ಬರೆಯಬೇಕು? ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಈಗ ನಿನ್ನ ದಾರಿಗೆ ಬರೋಣ. ಶನಿವಾರ ಬೆಳಿಗ್ಗೆಯ ರೈಲಿಗೆ ನಾಲ್ಕೂ ಜನ ಹಿಂದೂಪುರಕ್ಕೆ ಬನ್ನಿ, ನಿನ್ನ ಅಣ್ಣ ಗಾಡಿ ತರುತ್ತಾನೆ. ಮೊದಲ ರಾತ್ರಿ ನಮ್ಮ ಮನೆಯಲ್ಲೇ. ಭಾನುವಾರ ಬೆಳಿಗ್ಗೆ ಹೇಮಾವತಿಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಪಟ್ಟಿಯಲ್ಲಿ ಅದು ಇಲ್ಲದ್ದು ನೋಡಿ ಬೇಸರವಾಯಿತು. ಹೇಮಾವತಿ ಎಂದರೆ ಹಿಂದಿನ ಹೆಂಜೇರು, ನೊಳಂಬವಾಡಿ 32,000 ಎಂಬ ನಾಡನ್ನು ಆಳಿದ ನೊಳಂಬ ಅರಸರ ರಾಜಧಾನಿ. ದೊಡ್ಡೇಶ್ವರನ ಗುಡಿಯ ಕಪ್ಪುಕಲ್ಲನ್ನು ಅಂಗೈಯಿಂದ ಸವರಿ ನೋಡು, ಸಾವಿರ ವರ್ಷದ ಮೇಲೂ ಎಷ್ಟು ನಯ! ಪಕ್ಕದ ಸಿದ್ಧೇಶ್ವರನ ಗುಡಿಯಲ್ಲಿ ಲಿಂಗವಿಲ್ಲ, ದೇವರು ಮನುಷ್ಯರೂಪದಲ್ಲಿ ಕೂತಿದ್ದಾನೆ. ಚೋಳರು ಗೆದ್ದಾಗ ಇಲ್ಲಿನ ಕಂಬಗಳು ಎಷ್ಟು ಹಿಡಿಸಿದವೆಂದರೆ, ಕಿತ್ತು ತಂಜಾವೂರು ಸೀಮೆಯ ತಿರುವಯ್ಯಾರಿನ ತನಕ ಸಾಗಿಸಿದರು. ನಮ್ಮ ಮಕ್ಕಳು ಕನ್ನಡ ಶಾಲೆಯಲ್ಲಿ ಓದುತ್ತಾ, ತೆಲುಗಿನಲ್ಲಿ ಸರಕಾರದ ಕಾಗದ ಬರೆಯುತ್ತಾ ಬೆಳೆಯುವ ಈ ಮೂಲೆ ಒಂದು ಕಾಲಕ್ಕೆ ರಾಜಧಾನಿಯಾಗಿತ್ತು ಎನ್ನುವುದನ್ನು ನೀನು ಕಣ್ಣಾರೆ ನೋಡಬೇಕು.

ಅಂದು ಸಂಜೆ ಹಿಂದೂಪುರಕ್ಕೆ ಹೋಗಿ ಉಳಿದು, ಸೋಮವಾರ ಬೆಳಕು ಹರಿಯುತ್ತಲೇ ಲೇಪಾಕ್ಷಿಗೆ ಹೊರಡು. ಹದಿನೈದು ಕಿಲೋಮೀಟರ್ ಅಷ್ಟೇ. ಎಲ್ಲರೂ ನೇತಾಡುವ ಕಂಬದ ಅಡಿ ಟವೆಲ್ ಎಳೆದು, ನಂದಿಯ ಮುಂದೆ ನಿಂತು ಚಿತ್ರ ಹೊಡೆದು, ಒಂದು ಗಂಟೆಯಲ್ಲಿ ಹೊರಬೀಳುತ್ತಾರೆ. ನೀನು ಕತ್ತು ಎತ್ತು. ವೀರಭದ್ರನ ಗುಡಿಯ ಮಂಟಪದ ಛಾವಣಿಯೆಲ್ಲ ಚಿತ್ರ. ವಿಜಯನಗರದ ಅಚ್ಯುತದೇವರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಎಂಬ ಅಣ್ಣತಮ್ಮಂದಿರು ಕಟ್ಟಿಸಿದ ಗುಡಿ ಅದು. ಹೆಂಗಸರ ಸೀರೆಗಳನ್ನು ಒಂದೊಂದಾಗಿ ನೋಡು: ಚೌಕಳಿ, ಗೀಟು, ಹೂಬಳ್ಳಿ, ಒಂದರ ಅಂಚು ಇನ್ನೊಂದರಂತಿಲ್ಲ. ಗಂಡಸರ ತಲೆಯ ಮೇಲೆ ಉದ್ದನೆಯ ಕುಲಾವಿ. ಐನೂರು ವರ್ಷದ ಹಿಂದೆ ನಮ್ಮವರು ಏನು ಉಡುತ್ತಿದ್ದರು ಎಂದು ಕೇಳಿದರೆ ಅಲ್ಲಿದೆ ಉತ್ತರ. ಕತ್ತು ನೋಯುತ್ತದೆ, ಚಿಕ್ಕ ದುರ್ಬೀನು ಇದ್ದರೆ ತಾ. ಆಮೇಲೆ ಶಾಸನಗಳನ್ನು ಹುಡುಕು. ಅಕ್ಷರ ಕನ್ನಡ, ಮಾತೂ ಕನ್ನಡ. ನಿನ್ನ ಸ್ನೇಹಿತೆಯರಿಗೆ ಎರಡು ಪದವಾದರೂ ದೂರದಿಂದ ಬೆರಳು ತೋರಿಸಿ ಓದಿ ಹೇಳು. ಶಾಸನದ ಕಲ್ಲಿಗೆ ಬೆರಳು ತಾಗಿಸಬೇಡ, ಚಿತ್ರಕ್ಕೆ ಫ್ಲಾಶ್ ಹಾಕಬೇಡ.

ಅಲ್ಲಿಂದ ಪೆನುಕೊಂಡೆ. ಇಲ್ಲಿ ಎರಡು ರಾತ್ರಿ ನಿಲ್ಲು ಎನ್ನುವುದು ನನ್ನ ಹಟ. ನೀನು ಕೇಳಿದ ಚರಿತ್ರೆಯ ಪಟ್ಟಣ ಇದೇ. 1565ರ ಯುದ್ಧದಲ್ಲಿ ಹಂಪಿ ಹಾಳಾದ ಮೇಲೆ ತಿರುಮಲರಾಯ ವಿಜಯನಗರದ ರಾಜಧಾನಿಯನ್ನು ಇಲ್ಲಿಗೆ ತಂದ. 16ನೇ ಶತಮಾನದ ಕೊನೆಗೆ ಅದು ಚಂದ್ರಗಿರಿಗೆ ಹೋಯಿತು. ಹಂಪಿಯಲ್ಲಿ ನೋಡುವುದು ಒಂದು ರಾಜ್ಯದ ಉಚ್ಛ್ರಾಯವನ್ನು, ಪೆನುಕೊಂಡೆಯಲ್ಲಿ ಅದೇ ರಾಜ್ಯ ಉಸಿರು ಹಿಡಿದು ನಿಂತ ಜಾಗವನ್ನು. ಗಗನಮಹಲು, ರಾಮನ ಗುಡಿ, ಅದಕ್ಕೆ ಅಂಟಿದಂತೆ ಈಶ್ವರನ ಗುಡಿ, ಪಾರ್ಶ್ವನಾಥನ ಬಸದಿ, ಬಾಬಯ್ಯನ ದರ್ಗಾ, ಎಲ್ಲವೂ ಬೆಟ್ಟದ ಬುಡದ ಊರಿನೊಳಗೇ ಇವೆ. ಮನೆಗಳ ನಡುವೆ ಕೋಟೆ ಗೋಡೆ ಹಾದುಹೋಗುತ್ತದೆ, ಅದರ ಮೇಲೆ ಜನ ಬಟ್ಟೆ ಒಣಗಹಾಕಿರುತ್ತಾರೆ. ದರ್ಗಾಕ್ಕೆ ಎಲ್ಲ ಜಾತಿಯವರೂ ಹೋಗುತ್ತಾರೆ, ನೀವೂ ತಲೆಗೆ ಸೆರಗು ಹೊದ್ದು ಹೋಗಿ. ಬೆಟ್ಟ ಹತ್ತುವುದಾದರೆ ಆರು ಗಂಟೆಗೇ ಹೊರಡಿ, ಊರಿನವರು ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಬಿಸಿಲೇರುವ ಮೊದಲು ಇಳಿಯಿರಿ. ನದಿ ಇಲ್ಲಿ ಸ್ವಲ್ಪ ಪಶ್ಚಿಮಕ್ಕೆ, ರೊದ್ದಂ ಕಡೆಯಿಂದ ಹಾದುಹೋಗುತ್ತದೆ.

ಬುಧವಾರ ಬಸ್ಸಿನಲ್ಲಿ ಅನಂತಪುರದ ಮೇಲೆ ತಾಡಿಪತ್ರಿ. ಅನಂತಪುರ ದಾಟಿದ ಮೇಲೆ ಕನ್ನಡ ನಡೆಯುವುದು ಕಡಿಮೆ. ಹೆದರಬೇಡ. ಬಸ್ಸಿನ ಬೋರ್ಡನ್ನು ಗಮನವಿಟ್ಟು ನೋಡು. ಎರಡೂ ಲಿಪಿ ಒಂದೇ ಬೇರಿನವು. ನಮ್ಮ ತಲೆಕಟ್ಟು ಅಡ್ಡಗೆರೆ, ಅವರದು ಸರಿ ಗುರುತಿನ ಹಾಗೆ. ಅರ್ಧ ಗಂಟೆ ಕೂತರೆ ಊರಿನ ಹೆಸರು ಓದಲು ಬರುತ್ತದೆ.

ತಾಡಿಪತ್ರಿಯಲ್ಲಿ ಪಿನಾಕಿನಿ ಮತ್ತೆ ಸಿಗುತ್ತಾಳೆ, ಬುಗ್ಗ ರಾಮಲಿಂಗೇಶ್ವರನ ಗುಡಿ ಅವಳ ದಡದಲ್ಲೇ ಇದೆ. ಲಿಂಗದ ಬುಡದಲ್ಲಿ ನೀರು ಜಿನುಗುತ್ತದೆ, ಅದಕ್ಕೇ ಬುಗ್ಗ ಎಂಬ ಹೆಸರು. ಮುಗಿಯದೆ ನಿಂತ ಗೋಪುರದ ಕೆತ್ತನೆ ನೋಡುವುದಕ್ಕೆ ಸಂಜೆಯ ಓರೆ ಬಿಸಿಲೇ ಬೇಕು, ನೆರಳಿನಿಂದ ಒಂದೊಂದು ಗೆರೆಯೂ ಎದ್ದು ಕಾಣುತ್ತದೆ. ಚಿಂತಲ ವೆಂಕಟರಮಣನ ಗುಡಿಯಲ್ಲಿ ಕಲ್ಲಿನ ರಥವಿದೆ. ಊರಿನ ಸುತ್ತ ಚಪ್ಪಡಿ ಕಲ್ಲಿನ ರಾಶಿ ಕಾಣುತ್ತದೆ. ನಿಮ್ಮ ಅಮ್ಮನ ಅಡುಗೆಮನೆಯ ಕಟ್ಟೆಗೆ ಹಾಕಿದ ಕಡಪ ಕಲ್ಲು ಬಂದದ್ದು ಈ ಸೀಮೆಯಿಂದಲೇ.

ಗುರುವಾರ ಜಮ್ಮಲಮಡುಗಿಗೆ ಹೋಗಿ, ಅಲ್ಲಿಂದ ಹದಿನೈದು ಕಿಲೋಮೀಟರ್ ಗಂಡಿಕೋಟ. ಮೂರು ಗಂಟೆಯ ಮೊದಲು ಹೋಗಬೇಡ. ಅಲ್ಲೇ ಪ್ರವಾಸೋದ್ಯಮದವರ ವಸತಿಗೃಹವಿದೆ, ಚಳಿಗಾಲದಲ್ಲಿ ಬೇಗ ತುಂಬುತ್ತದೆ, ಈಗಲೇ ಕೋಣೆ ಹಿಡಿ. ಕೋಟೆಯೊಳಗೆ ಮಾಧವರಾಯನ ಗುಡಿ, ರಂಗನಾಥನ ಗುಡಿ, ಜಾಮಿಯಾ ಮಸೀದಿ, ಧಾನ್ಯದ ಕಣಜ ನೋಡಿ ಮುಗಿಸಿ, ಐದು ಗಂಟೆಗೆ ಕಣಿವೆಯ ಕಡೆ ನಡಿ.

ನಿವೃತ್ತಿಯಾದ ವರ್ಷ ನಿನ್ನ ದೊಡ್ಡಪ್ಪನೂ ನಾನೂ ಮತ್ತೆ ಅಲ್ಲಿಗೆ ಹೋಗಿ ಒಂದು ರಾತ್ರಿ ಉಳಿದೆವು. ಬೇರೆಲ್ಲೂ ಹೋಗಲಿಲ್ಲ. ಬೆಳಿಗ್ಗೆ ಐದೂವರೆಗೆ ಬಂಡೆಯ ಮೇಲೆ ಕೂತಾಗ ಕೆಳಗೆ ಬರೀ ಕಪ್ಪು. ಮೊದಲು ಎದುರು ಗೋಡೆಯ ನೆತ್ತಿ ಕೆಂಪಾಯಿತು. ಬೆಳಕು ಇಳಿಯುತ್ತಾ ಹೋದ ಹಾಗೆ ಪದರ ಪದರವಾಗಿ ಕಲ್ಲು ಕಾಣಿಸಿತು, ಯಾರೋ ಚಪ್ಪಡಿಗಳನ್ನು ಒಂದರ ಮೇಲೊಂದು ಜೋಡಿಸಿಟ್ಟ ಹಾಗೆ. ಅದು ಬೆಣಚು ಶಿಲೆ, ಬಿರುಕು ಬಿಡುವುದೂ ಚೌಕ ಚೌಕವಾಗಿ. ತಳದಲ್ಲಿ ನೀರು ಹಸಿರಾಗಿ ಮಿನುಗಿತು. ಹಕ್ಕಿಗಳು ನಮ್ಮ ಕಾಲ ಕೆಳಗೆ ಹಾರುತ್ತಿದ್ದವು, ಹಾರುವ ಹಕ್ಕಿಯ ಬೆನ್ನು ನಾನು ಕಂಡದ್ದು ಅದೇ ಮೊದಲು. ದೊಡ್ಡಪ್ಪ ಸುಮ್ಮನೆ ಕೂತಿದ್ದರು, ಬಹಳ ಹೊತ್ತಿನ ಮೇಲೆ, “ಇದು ನಮ್ಮ ಪರಿಗಿಯ ನೀರಲ್ಲವೇನೇ?” ಅಂದರು. ಹೌದು, ನಂದಿಯ ಕಡೆಯಿಂದಲೇ ಹೊರಟ ಚಿತ್ರಾವತಿಯೂ ಈ ಕಣಿವೆಗೆ ಮೊದಲೇ ಅವಳನ್ನು ಸೇರಿಕೊಂಡಿರುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಅಂಚಿಗೆ ಕಂಬಿ ಇಲ್ಲದ ಜಾಗವೇ ಹೆಚ್ಚು. ಅಂಚಿನಿಂದ ಎರಡು ಮಾರು ಹಿಂದೆಯೇ ಕೂರಬೇಕು. ಫೋಟೋಕ್ಕೆಂದು ಹಿಂದೆ ಹಿಂದೆ ಹೆಜ್ಜೆ ಇಡಬೇಡಿ. ಮಳೆ ಬಿದ್ದು ಬಂಡೆ ಒದ್ದೆಯಾಗಿದ್ದರೆ ಅಂಚಿನ ಹತ್ತಿರ ಹೋಗಲೇಬೇಡಿ. ಕತ್ತಲಾದ ಮೇಲೆ ಟಾರ್ಚ್ ಇದ್ದರೂ ಬೇಡ. ನೀರಿಗೆ ಇಳಿಯಬೇಡಿ. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು, ಚಪ್ಪಲಿಯ ಬದಲು ಹಿಡಿತವಿರುವ ಬೂಟು. ಇದರಲ್ಲಿ ನನಗೆ ಮಾತು ಕೊಡಬೇಕು.

ಶುಕ್ರವಾರ ಸೂರ್ಯೋದಯ ನೋಡಿದ ಮೇಲೆ ಬಾಡಿಗೆ ಗಾಡಿಯಲ್ಲಿ ಬೇಲಂ. ಗುಹೆ 3,229 ಮೀಟರ್ ಉದ್ದ, ಜನರಿಗೆ ಬಿಟ್ಟಿರುವುದು ಸುಮಾರು ಒಂದೂವರೆ ಕಿಲೋಮೀಟರ್. ಇಲ್ಲಿಯದು ಸುಣ್ಣಕಲ್ಲು, ನೀರು ಇದನ್ನು ಕೊರೆಯದೆ ಕರಗಿಸಿದೆ. ಗಂಡಿಕೋಟದ ಚೂಪು ಮೂಲೆಗಳನ್ನು ನೋಡಿ ಬಂದ ಕಣ್ಣಿಗೆ ಇಲ್ಲಿನ ಗೋಡೆಗಳು ಹಿಟ್ಟು ನಾದಿದ ಹಾಗೆ ನುಣುಪಾಗಿ ಕಾಣುತ್ತವೆ. ಪಾತಾಳಗಂಗೆಯ ಬಳಿ ಅತಿ ಆಳ, 46 ಮೀಟರ್. ಒಳಗೆ ಸೆಖೆ ಬಹಳ, ನಿಮ್ಮಲ್ಲಿ ಉಬ್ಬಸವಿರುವ ಹುಡುಗಿ ನಿಧಾನವಾಗಿ ನಡೆಯಲಿ, ಆಯಾಸವಾದರೆ ಅರ್ಧಕ್ಕೇ ತಿರುಗಲಿ. ಅಲ್ಲಿಂದ ತಾಡಿಪತ್ರಿಗೆ ಬಂದು ಮಲಗಿ, ಶನಿವಾರ ಅನಂತಪುರಕ್ಕೆ ಹೋಗಿ ಬೆಂಗಳೂರಿನ ರೈಲು ಹಿಡಿಯಿರಿ.

ಊಟಕ್ಕೆ ಎಲ್ಲೆಲ್ಲೂ ರಾಗಿ ಸಂಗಟಿ ಸಿಗುತ್ತದೆ, ನಮ್ಮ ಮುದ್ದೆಗೆ ಅಕ್ಕನಂತೆ. ಖಾರ ನಮ್ಮದಕ್ಕಿಂತ ಜಾಸ್ತಿ, ಮೊದಲೇ ಹೇಳಿ ಬಡಿಸಿಕೊಳ್ಳಿ. ಸಣ್ಣ ನೋಟುಗಳು ಕೈಯಲ್ಲಿರಲಿ. ಹೋಗುವ ಕಾಲ ಡಿಸೆಂಬರ್ ಆಗಲಿ, ಮಾರ್ಚಿಗೆ ಮುಂದೂಡಬೇಡ.

ಅಂಗಳಕ್ಕೆ ಕೋಳಿ ನುಗ್ಗಿದೆ, ಏಳಬೇಕು. ರೈಲಿನ ಹೊತ್ತು ನಿನ್ನ ಅಣ್ಣನಿಗೆ ತಿಳಿಸು. ಶೇಂಗಾ ಹುರಿದು, ಬೆಲ್ಲ ಹಾಕಿ ಉಂಡೆ ಕಟ್ಟಿಡುತ್ತೇನೆ, ನಾಲ್ಕು ಜನಕ್ಕೂ ದಾರಿಗೆ ಆಗುವಷ್ಟು. ಹಿಂದೂಪುರದಿಂದ ಬರುವಾಗ ಸೇತುವೆಯ ಮೇಲೆ ಗಾಡಿ ನಿಲ್ಲಿಸಲು ಅಣ್ಣನಿಗೆ ಹೇಳಿದ್ದೇನೆ. ಇಳಿದು ಆ ಮರಳನ್ನು ಒಂದು ಸಲ ನೋಡಿ ಬಾ.

ಇತಿ,
ನಿನ್ನ ದೊಡ್ಡಮ್ಮ