ಬಲಗೈ ಬಾಯಿವರೆಗೂ ಬಂತು, ಎಲ್ಲರಿಗೂ ಥ್ಯಾಂಕ್ಸ್

ಬಲಗೈಯಲ್ಲಿ ನೀರಿನ ಲೋಟ ಎತ್ಕೊಂಡು ಕುಡಿದೆ, ಎಡಗೈ ಆಸರೆ ಇಲ್ದೇನೇ! ಬೈಕ್ ಆಕ್ಸಿಡೆಂಟ್ ಆದ್ಮೇಲೆ ಇದೇ ಮೊದಲು. ಇದ್ರಲ್ಲಿ ಎಷ್ಟೊಂದು ಜನರ ಋಣ ಇದೆ, ಹೇಳದೆ ಇರೋಕೆ ಮನಸ್ಸು ಒಪ್ತಿಲ್ಲ.

ಮೊದಲು ನಮಸ್ಕಾರ ಹೇಳ್ಬೇಕಾಗಿರೋದು ಆ ಮೂಳೆ ಡಾಕ್ಟರ್‌ಗೆ. ಎಕ್ಸ್‌ರೇಲಿ ಏನೂ ಮುರಿದಿರ್ಲಿಲ್ಲ, ಆದ್ರೂ ಭುಜ ಎತ್ತೋಕಾಗ್ತಿಲ್ಲ ಮೊಣಕೈ ಮಡಚೋಕಾಗ್ತಿಲ್ಲ ಅಂದಾಗ ಅವ್ರು ತಾನಾಗೇ ಸರಿಹೋಗುತ್ತೆ ಬಿಡಿ ಅಂತ ಕಳಿಸ್ಲಿಲ್ಲ, ಇದು ಬ್ರೇಕಿಯಲ್ ಪ್ಲೆಕ್ಸಸ್, ಅಂದ್ರೆ ಕುತ್ತಿಗೆಯಿಂದ ಕೈಗೆ ಬರೋ ನರಗಳ ಏಟು ಇರ್ಬೇಕು ಅಂತ ಕೂಡಲೇ ಗುರುತಿಸಿ ಇಎಂಜಿ (ನರ, ಮಾಂಸಖಂಡ ಕೆಲಸ ಮಾಡ್ತಿದಾವಾ ಅಂತ ನೋಡೋ ಪರೀಕ್ಷೆ), ಎಂಆರ್‌ಐ ಮಾಡ್ಸಿ ನರದ ಸರ್ಜನ್ ಹತ್ರ ಕಳಿಸಿದ್ರು. ಸಾಮಾನ್ಯವಾಗಿ 3ರಿಂದ 6 ತಿಂಗಳೊಳಗೆ ಆಪರೇಷನ್ ಆದ್ರೆ ಒಳ್ಳೇದಂತೆ, ಒಂದು ಒಂದೂವರೆ ವರ್ಷ ನರದ ಸಂಪರ್ಕ ಇಲ್ದೆ ಉಳಿದ ಮಾಂಸಖಂಡ ಆಮೇಲೆ ನರ ಬಂದ್ರೂ ಏಳೋದು ಕಷ್ಟ. ಅವ್ರು ಆವತ್ತು ಸುಮ್ನಿದ್ದಿದ್ರೆ ನನ್ನ ಟೈಮ್ ಮುಗಿದೇ ಹೋಗ್ತಿತ್ತು.

ಸರ್ಜನ್ ಮೇಡಂ, ನಿಮಗೆ ಏನು ಹೇಳ್ಲಿ! ಕುತ್ತಿಗೇಲಿ ಬೆನ್ನುಹುರಿಯಿಂದ ಹೊರಡೋ ಸಿ5, ಸಿ6 ಅನ್ನೋ ಎರಡೂ ನರದ ಬೇರು ಕಿತ್ತೋಗಿದಾವೆ, ಹೊಲಿಯೋಕೆ ಅಲ್ಲೇನೂ ಉಳಿದಿಲ್ಲ ಅಂತ ಮುಚ್ಚಿಡದೆ ಹೇಳಿದ್ರಿ. ಆಮೇಲೆ ಬೆರಳು ಆಡಿಸೋ ಅಲ್ನಾರ್ ನರದಿಂದ ಒಂದು ಸಣ್ಣ ಎಳೆ ತೆಗೆದು, ಮೊಣಕೈ ಮಡಚೋ ಬೈಸೆಪ್ಸ್ ಮಾಂಸಖಂಡದ ನರಕ್ಕೆ ಜೋಡಿಸಿದ್ರಿ, 1994ರಲ್ಲಿ ಫ್ರಾನ್ಸ್‌ನ ಓಬರ್ಲಿನ್ ಅನ್ನೋ ಸರ್ಜನ್ ತೋರಿಸಿಕೊಟ್ಟ ದಾರಿ ಇದು ಅಂತ ಚಿತ್ರ ಬರೆದು ತಿಳಿಸಿದ್ರಿ. ಭುಜಕ್ಕೆ ಬೇರೆ ನರ ತಿರುಗಿಸಿದ್ರಿ. ಆ ಚಿತ್ರದ ಹಾಳೆ ಇನ್ನೂ ಇಟ್ಕೊಂಡಿದೀನಿ.

ಆಪರೇಷನ್ ಆದ ತಕ್ಷಣ ಏನೂ ಆಗಲ್ಲ, ನರ ಬೆಳೆಯೋದು ದಿನಕ್ಕೆ ಹೆಚ್ಚುಕಮ್ಮಿ 1 ಮಿಲಿಮೀಟರ್. ತಿಂಗಳುಗಟ್ಟಲೆ ಕೈ ಹಾಗೇ ಜೋತಾಡ್ತಿತ್ತು, ರಾತ್ರಿ ಬೆಂಕಿ ಇಟ್ಟಂಗೆ ಉರಿ ಬೇರೆ. ಆ ಟೈಮಲ್ಲಿ ನಮ್ಮ ಫಿಸಿಯೋ ಅಣ್ಣ ಕೀಲು ಬಿಗಿಯದ ಹಾಗೆ ನೋಡ್ಕೊಂಡ್ರು. ಒಂದಿನ ಮುಷ್ಟಿ ಗಟ್ಟಿ ಹಿಡೀರಿ ಅಂದ್ರು, ಹಿಡಿದೆ, ತೋಳಲ್ಲಿ ಚರ್ಮದ ಕೆಳಗೆ ಏನೋ ಪಟಕ್ ಅಂತ ಎಗರ್ತು. ಇಬ್ರೂ ಮತ್ತೆ ಮತ್ತೆ ಮಾಡಿ ನೋಡಿದ್ವಿ. ಮುಷ್ಟಿ ಹಿಡಿದ್ರೆ ಮೊಣಕೈ ಮಡಚೋದು, ಆ ನರ ಮೊದಲು ಕಲ್ತಿದ್ದು ಬೆರಳು ಆಡಿಸೋ ಕೆಲಸ ತಾನೆ! ಈಗ ಮುಷ್ಟಿ ಹಿಡೀದೇನೂ ಮಡಚುತ್ತೆ.

ಅಮ್ಮ, ರಾತ್ರಿಯೆಲ್ಲಾ ಕೈ ಕೆಳಗೆ ದಿಂಬು ಸರಿಮಾಡ್ತಾ ಕೂತಿದ್ದು ನೀನು. ನನ್ನ ಕೆಲಸ ಹಂಚ್ಕೊಂಡ ಆಫೀಸಿನ ಗೆಳೆಯರೇ, ನಿಮಗೂ ತುಂಬಾ ಥ್ಯಾಂಕ್ಸ್. ಭುಜ ಇನ್ನೂ ಪೂರ್ತಿ ಎತ್ತೋಕಾಗಲ್ಲ, ಫಿಸಿಯೋ ಮುಂದುವರೀತಿದೆ. ನಿಮ್ಮಲ್ಲಿ ಯಾರಿಗಾದ್ರೂ ಹೊಸದಾಗಿ ಹೀಗೆ ಏಟಾಗಿದ್ರೆ ಸಂಕೋಚ ಬೇಡ, ನಂಗೆ ಮೆಸೇಜ್ ಮಾಡಿ.