ಸುಡಾನಿನ ಹಸಿವಿನ ಕುರಿತು ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಮನೆಯ ಕ್ಷೇಮ ಸಮಾಚಾರದ ನಡುವೆ ನೀನು ಬರೆದಿದ್ದ ‘ಸುಡಾನಿನಲ್ಲಿ ಬರ ಬಿದ್ದು ಜನ ಸಾಯುತ್ತಿದ್ದಾರಂತೆ’ ಎಂಬ ಒಂದು ಸಾಲು ಅಂದಿನಿಂದ ಕೊರೆಯುತ್ತಲೇ ಇದೆ. ಜನ ಸಾಯುತ್ತಿರುವುದು ನಿಜ. ಆದರೆ ಅದಕ್ಕೆ ಕಾರಣ ಬರವಲ್ಲ. ಚಳ್ಳಕೆರೆ ಸೀಮೆಯಲ್ಲಿ ಹುಟ್ಟಿ ಬೆಳೆದ ನಮಗೆ ಮಳೆ ಕೈಕೊಟ್ಟು ಬರುವ ಹಸಿವು ಯಾವುದು, ದಾರಿ ಕಟ್ಟಿ ಕಣಜ ದೋಚಿ ತರುವ ಹಸಿವು ಯಾವುದು ಎಂಬುದು ಬೇರೆಯವರಿಗಿಂತ ಚೆನ್ನಾಗಿ ತಿಳಿಯಬೇಕು.

2023ರ ಏಪ್ರಿಲ್ 15ರಂದು ರಾಜಧಾನಿ ಖಾರ್ಟೂಮ್‌ನಲ್ಲಿ ಕಾದಾಟಕ್ಕಿಳಿದವರು ಒಂದೇ ಸರ್ಕಾರದ ಇಬ್ಬರು ಸೇನಾನಿಗಳು: ಸೈನ್ಯದ ಮುಖ್ಯಸ್ಥ ಅಬ್ದೆಲ್ ಫತ್ತಾ ಅಲ್ ಬುರ್ಹಾನ್ ಮತ್ತು ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಯ ಒಡೆಯ, ಹೆಮೆಡ್ತಿ ಎಂದೇ ಹೆಸರಾದ ಮೊಹಮ್ಮದ್ ಹಮ್ದಾನ್ ದಗಾಲೊ. ದಾರ್ಫುರ್ ಪ್ರಾಂತ್ಯದಲ್ಲಿ 2003ರಿಂದ ಹಳ್ಳಿಗಳನ್ನು ಸುಟ್ಟ ಜಂಜವೀದ್ ದಂಡುಗಳನ್ನೇ ಅಧ್ಯಕ್ಷ ಒಮರ್ ಅಲ್ ಬಶೀರ್ 2013ರಲ್ಲಿ ಆರ್‌ಎಸ್‌ಎಫ್ ಎಂದು ಕಟ್ಟಿದ. 2019ರಲ್ಲಿ ಜನರ ಹೋರಾಟ ಬಶೀರನ ಆಳ್ವಿಕೆಯನ್ನು ಕೊನೆಗಾಣಿಸಿತು. 2021ರ ಅಕ್ಟೋಬರಿನಲ್ಲಿ ಈ ಇಬ್ಬರು ಸೇರಿ ಅಧಿಕಾರವನ್ನು ಮತ್ತೆ ಕಸಿದುಕೊಂಡರು. ಆರ್‌ಎಸ್‌ಎಫ್ ಸೈನ್ಯದಲ್ಲಿ ವಿಲೀನವಾಗಲು ಎರಡು ವರ್ಷ ಸಾಕೆಂದು ಬುರ್ಹಾನ್, ಹತ್ತು ವರ್ಷ ಬೇಕೆಂದು ಹೆಮೆಡ್ತಿ ಹಟ ಹಿಡಿದರು; ಆ ಜಗಳವೇ ಯುದ್ಧಕ್ಕೆ ತಿರುಗಿತು.

ಎರಡು ನೈಲ್ ನದಿಗಳ ನಡುವಿನ ಗೆಜಿರಾ ಬಯಲಿಗೆ 1925ರಿಂದಲೂ ಕಾಲುವೆ ನೀರಿದೆ. 2023ರ ಡಿಸೆಂಬರಿನಲ್ಲಿ ಅದರ ಮುಖ್ಯ ಪಟ್ಟಣ ವಾದ್ ಮದನಿ ಆರ್‌ಎಸ್‌ಎಫ್ ವಶವಾದಾಗ ರೈತರು ಹೊಲ ಬಿಟ್ಟು ಓಡಿದರು. ನೀರಿರುವ ನೆಲ ಪಾಳು ಬಿದ್ದರೆ ಅದನ್ನು ಬರವೆಂದು ಹೇಗೆ ಕರೆಯುವುದು?

ಇನ್ನು ದಾರ್ಫುರಿನ ಎಲ್ ಫಾಶರ್. 2024ರ ಮೇ ತಿಂಗಳಿಂದ ಸುಮಾರು ಹದಿನೆಂಟು ತಿಂಗಳು ಆರ್‌ಎಸ್‌ಎಫ್ ಆ ಊರನ್ನು ಮುತ್ತಿತು. ಕೊನೆಕೊನೆಗೆ ಸುತ್ತಲೂ ಮಣ್ಣಿನ ದಿಬ್ಬವನ್ನೇ ಎಬ್ಬಿಸಿತು. ಪಕ್ಕದ ಜಮ್‌ಜಮ್ ನಿರಾಶ್ರಿತರ ಶಿಬಿರದಲ್ಲಿ ಕ್ಷಾಮವಿದೆಯೆಂದು ಪರಿಣತರು ಆ ವರ್ಷದ ಆಗಸ್ಟಿನಲ್ಲೇ ಸಾರಿದ್ದರು. ಒಳಗೆ ಸಿಕ್ಕಿಕೊಂಡವರು ತಿಂದದ್ದು ‘ಅಂಬಾಜ್’. ಹಾಗೆಂದರೆ ಎಣ್ಣೆ ತೆಗೆದ ಮೇಲೆ ಗಾಣದಲ್ಲಿ ಉಳಿಯುವ ಶೇಂಗಾ ಹಿಂಡಿ. ನಿಮ್ಮ ಅವ್ವ ಸಂಜೆ ಬಾನಿಯಲ್ಲಿ ನೆನೆಹಾಕಿ, ಬೆಳಿಗ್ಗೆ ಕಲಗಚ್ಚಿಗೆ ಕಲೆಸಿ ಕರೆಯುವ ಎಮ್ಮೆಗೆ ಇಡುತ್ತಿದ್ದರಲ್ಲ, ಅದೇ. ಒಣಗಿದ ಹಿಂಡಿ ಕಲ್ಲಿನಂತಿರುತ್ತದೆ, ಮುಗ್ಗು ಹಿಡಿದರೆ ದನವೂ ಮೂಸುವುದಿಲ್ಲ. ಅದನ್ನೇ ಕುಟ್ಟಿ, ನೀರಲ್ಲಿ ಕುದಿಸಿ ತಾಯಂದಿರು ಮಕ್ಕಳ ತಟ್ಟೆಗೆ ಹಾಕಿದರು. ಶೇಂಗಾ ಬೆಳೆಯುವುದರಲ್ಲಿ ಜಗತ್ತಿನ ಮುಂಚೂಣಿಯ ದೇಶಗಳಲ್ಲೊಂದಾದ ಸುಡಾನಿನಲ್ಲಿ ಕಾಳು ಯಾರ ಪಾಲಾಯಿತೋ, ಹಿಂಡಿ ಮಾತ್ರ ಜನರಿಗೆ ಉಳಿಯಿತು.

2025ರ ಅಕ್ಟೋಬರ್ 26ರಂದು ಊರಿನಲ್ಲಿದ್ದ ಸೈನ್ಯದ ಕೊನೆಯ ನೆಲೆಯೂ ಬಿತ್ತು. ಅಲ್ಲಿನ ಸೌದಿ ಹೆರಿಗೆ ಆಸ್ಪತ್ರೆಯಲ್ಲಿ ರೋಗಿಗಳೂ ಅವರನ್ನು ನೋಡಿಕೊಳ್ಳುತ್ತಿದ್ದವರೂ ಸೇರಿ 460ಕ್ಕೂ ಹೆಚ್ಚು ಜನರನ್ನು ಕೊಂದರೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಾಗೆಂದು ಸೈನ್ಯವನ್ನು ಒಳ್ಳೆಯವರ ಪಕ್ಕದಲ್ಲಿ ನಿಲ್ಲಿಸಲಾರೆ. ಸಂತೆ ಸೇರಿದ ಜನರ ಮೇಲೆ ವಿಮಾನದಿಂದ ಬಾಂಬು ಹಾಕಿದವರು, ಪರಿಹಾರದ ಲಾರಿಗಳಿಗೆ ಅನುಮತಿ ಕೊಡದೆ ಕಾಯಿಸಿದವರು ಅವರು. ಆರ್‌ಎಸ್‌ಎಫ್‌ಗೆ ಸಂಯುಕ್ತ ಅರಬ್ ಎಮಿರೇಟ್ಸ್‌ನಿಂದ ಶಸ್ತ್ರ ಬರುತ್ತಿದೆಯೆಂಬ ಆರೋಪ ನಂಬತಕ್ಕದ್ದೆಂದು ವಿಶ್ವಸಂಸ್ಥೆಯ ತಜ್ಞರು ಹೇಳಿದ್ದಾರೆ; ಆ ದೇಶ ಅಲ್ಲಗಳೆಯುತ್ತಲೇ ಬಂದಿದೆ.

ಒಂದು ಕೋಟಿಗೂ ಹೆಚ್ಚು ಜನ ಮನೆ ಬಿಟ್ಟಿದ್ದಾರೆ. ಲಕ್ಷಾಂತರ ಮಂದಿ ಚಾಡ್, ಈಜಿಪ್ಟ್, ದಕ್ಷಿಣ ಸುಡಾನ್‌ಗಳನ್ನು ಸೇರಿದ್ದಾರೆ. ಉಳಿದವರಲ್ಲಿ ಅನೇಕರ ಜೀವ ಹಿಡಿದಿಟ್ಟದ್ದು ಬೀದಿಬೀದಿಯ ಹುಡುಗ ಹುಡುಗಿಯರು ನಡೆಸಿದ ‘ತಕಾಯಾ’ ಎಂಬ ಸಾಮೂಹಿಕ ಅಡುಗೆಮನೆಗಳು. ಇದರ ಬೇರು ‘ನಫೀರ್’ ಎಂಬ ಹಳೆಯ ಪದ್ಧತಿಯಲ್ಲಿದೆ: ಒಬ್ಬರ ಹೊಲದ ಕೆಲಸಕ್ಕೆ ಊರೆಲ್ಲ ಕೈಜೋಡಿಸುವುದು. ನಮ್ಮ ಕಡೆಯ ಮುಯ್ಯಾಳಿನ ಹಾಗೆ.

ನಿನಗೆ ನೆನಪಿರಬೇಕು, ಯುದ್ಧ ಹತ್ತಿದ ಮೊದಲ ವಾರ ನಮ್ಮ ಪತ್ರಿಕೆಗಳ ತುಂಬ ಸುಡಾನಿನ ಸುದ್ದಿಯೇ ಇತ್ತು. ಗಿಡಮೂಲಿಕೆ, ಎಣ್ಣೆ ಮಾರಲು ಹೋಗಿದ್ದ ಚನ್ನಗಿರಿ, ಹುಣಸೂರು ಕಡೆಯ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಕೊಂಡಿದ್ದರು, ಕೆಲವರು ಇದೇ ಎಲ್ ಫಾಶರ್‌ನಲ್ಲಿ. ನಮ್ಮವರನ್ನು ಕರೆತರಲು ಭಾರತ ಸರ್ಕಾರ ನಡೆಸಿದ ‘ಆಪರೇಷನ್ ಕಾವೇರಿ’ಯಲ್ಲಿ 3,800ಕ್ಕೂ ಹೆಚ್ಚು ಭಾರತೀಯರು ಹಿಂದಿರುಗಿದರು, ಆಮೇಲೆ ಸುದ್ದಿಯೂ ನಿಂತಿತು. ನಮ್ಮವರು ಬಂದರೆಂದು ನಾನೂ ನಿಟ್ಟುಸಿರು ಬಿಟ್ಟು ಪುಟ ತಿರುವಿದ್ದೆ. ಆ ತಪ್ಪು ಈಗ ಚುಚ್ಚುತ್ತದೆ.

ನೀನು ಚನ್ನಗಿರಿ ಕಡೆಗೆ ಆಗಾಗ ಹೋಗುವವನು. ಈ ಸಲ ಹೋದಾಗ ಎಲ್ ಫಾಶರ್‌ನಲ್ಲಿ ಇದ್ದು ಬಂದವರು ಯಾರಾದರೂ ಸಿಗುವರೇ ವಿಚಾರಿಸು. ಅಲ್ಲಿ ಅವರಿಗೆ ಮನೆ ಬಾಡಿಗೆಗೆ ಕೊಟ್ಟವರು ಯಾರು, ಪಕ್ಕದ ಮನೆಯಲ್ಲಿ ಯಾರಿದ್ದರು, ಆ ಮನೆಗಳಲ್ಲಿ ಎಷ್ಟು ಮಕ್ಕಳಿದ್ದರು, ಈಗ ಫೋನು ಮಾಡಿದರೆ ಯಾರಾದರೂ ಎತ್ತುತ್ತಾರೆಯೇ ಎಂದು ಕೇಳಿ ನನಗೆ ಬರೆ.

ನಿನ್ನ ಪತ್ರದ ದಾರಿ ಕಾಯುವ,
ಗೆಳೆಯ